ಒಂದು ಕಾಗದ, ಒಂದು ಕಪ್



ಫುಟ್‌ಬಾಲ್ ಆಟ ನೀವು ನೋಡಿರ್ತೀರಿ. ಶಾಲೆಯ ಬಯಲಲ್ಲಿ ಹುಡುಗರು ಆಡ್ತಾರೆ. ಟಿ.ವಿ.ಯಲ್ಲೂ ಬರುತ್ತೆ. ಒಂದೇ ಚೆಂಡು. ಆ ಕಡೆ 11 ಜನ. ಈ ಕಡೆ 11 ಜನ. ಚೆಂಡನ್ನು ಕಾಲಿನಿಂದ ಒದೆಯಬೇಕು. ತಲೆಯಿಂದ ತಳ್ಳಬಹುದು. ಆಟ ನಡೆಯುವಾಗ ಗೋಲು ಕಾಯುವವರು ಮಾತ್ರ ಕೈಯಲ್ಲಿ ಹಿಡಿಯಬಹುದು. ಎದುರಿನವರ ಗೋಲಿನೊಳಗೆ ಚೆಂಡು ಹೋದರೆ ಒಂದು ಗೋಲು. ಹೆಚ್ಚು ಗೋಲು ಹೊಡೆದವರು ಗೆದ್ದರು. ಇಷ್ಟೇ ಆಟ.

ಇದು ಗಂಡಸರ ಆಟ ಅಂತ ಬಹಳ ಜನ ಅಂತಾರೆ. ಆದರೆ ಇದನ್ನು ಹೆಂಗಸರೂ ಆಡ್ತಾರೆ. ನೂರು ವರ್ಷಕ್ಕೂ ಹಿಂದೆಯೇ ಇಂಗ್ಲೆಂಡ್ ದೇಶದಲ್ಲಿ ಆಡುತ್ತಿದ್ದರು. ಆಮೇಲೆ ಅಲ್ಲಿ ಸುಮಾರು 50 ವರ್ಷ ಹೆಂಗಸರಿಗೆ ಒಳ್ಳೆಯ ಮೈದಾನದ ಬಾಗಿಲು ಮುಚ್ಚಿದ್ದರು. ಬಾಗಿಲು ತೆರೆದ ಮೇಲೆ 1970-71ರಲ್ಲಿ ಅವರದೇ ಒಂದು ಕಪ್ ಪಂದ್ಯ ನಡೆಯಿತು. ಆ ಬಾಗಿಲು ಯಾಕೆ ಮುಚ್ಚಿತು? ಹೇಗೆ ತೆರೆಯಿತು? ಆ ಕಪ್ ಯಾರು ಗೆದ್ದರು? ಈ ಪಾಠದಲ್ಲಿ ಅದನ್ನು ಓದೋಣ.

ಕಪ್ ಅಂದರೆ ಏನು?

ಇದು ಚಹಾ ಕುಡಿಯುವ ಕಪ್ಪಲ್ಲ. ಪಂದ್ಯದಲ್ಲಿ ಗೆದ್ದವರಿಗೆ ಒಂದು ಹೊಳೆಯುವ ಪಾತ್ರೆ ಕೊಡ್ತಾರೆ. ಅದನ್ನು ಕಪ್ ಅಂತಾರೆ. ಆ ಪಾತ್ರೆಗಾಗಿ ನಡೆಯುವ ಪಂದ್ಯಗಳಿಗೂ ಕಪ್ ಅಂತಲೇ ಹೆಸರು.

ಕಪ್ ಪಂದ್ಯದ ನಿಯಮ ಸುಲಭ. ಸೋತವರು ಹೊರಗೆ, ಗೆದ್ದವರು ಮುಂದಕ್ಕೆ. ಇದಕ್ಕೆ ನಾಕೌಟ್ ಅಂತ ಹೆಸರು. ಒಂದು ಸಲ ಸೋತರೆ ಆ ವರ್ಷದ ಆಟ ಮುಗಿದ ಹಾಗೆ.

ಒಂದು ಲೆಕ್ಕ ಮಾಡೋಣ. 8 ಊರುಗಳಿಂದ 8 ತಂಡ ಬಂದಿವೆ ಅಂತ ಇಟ್ಟುಕೊಳ್ಳಿ. ಎರಡೆರಡು ತಂಡ ಜೋಡಿ ಮಾಡಿದರೆ 4 ಪಂದ್ಯ. ಗೆದ್ದ 4 ತಂಡ ಉಳಿಯಿತು. ಅವುಗಳಿಗೆ 2 ಪಂದ್ಯ. ಇದಕ್ಕೆ ಸೆಮಿಫೈನಲ್ ಅಂತಾರೆ. 2 ತಂಡ ಉಳಿಯಿತು. ಅವುಗಳಿಗೆ 1 ಪಂದ್ಯ. ಅದೇ ಫೈನಲ್, ಅಂದರೆ ಕೊನೆಯ ಪಂದ್ಯ. ಒಟ್ಟು ಎಷ್ಟಾಯಿತು? 4, 2, 1 ಕೂಡಿಸಿ. 7 ಪಂದ್ಯ.

ಇನ್ನೊಂದು ಸುಲಭ ದಾರಿಯೂ ಇದೆ. ಗೆಲ್ಲೋದು ಒಂದೇ ತಂಡ. ಹಾಗಾದರೆ ಸೋಲಬೇಕಾದ್ದು 7 ತಂಡ. ಒಂದು ಪಂದ್ಯಕ್ಕೆ ಒಂದು ತಂಡ ಸೋಲುತ್ತೆ. ಅದಕ್ಕೇ 7 ಪಂದ್ಯ. ಎಷ್ಟೇ ತಂಡ ಇರಲಿ, ಒಂದು ಕಳೆಯಿರಿ. ಉತ್ತರ ಸಿಗುತ್ತೆ.

ಇಂಥ ಪಂದ್ಯಕ್ಕೆ ಒಂದು ಗುಣ ಇದೆ. ದೊಡ್ಡ ಊರಿನ ತಂಡ, ಸಣ್ಣ ಊರಿನ ತಂಡ ಎದುರಾಬದುರು ಆಗ್ತವೆ. ಆ ಒಂದು ದಿನ ಚೆನ್ನಾಗಿ ಆಡಿದರೆ ಸಣ್ಣವರೂ ದೊಡ್ಡವರನ್ನು ಸೋಲಿಸಬಹುದು. ಅದಕ್ಕೇ ಜನಕ್ಕೆ ಕಪ್ ಪಂದ್ಯ ಅಂದರೆ ಇಷ್ಟ.

1970-71 ಅಂತ ಎರಡು ವರ್ಷ ಯಾಕೆ ಬರೀತಾರೆ? ನಮ್ಮ ಮಕ್ಕಳ ಶಾಲೆ ಜೂನ್‌ನಲ್ಲಿ ಶುರುವಾಗಿ ಮುಂದಿನ ವರ್ಷದ ಬೇಸಿಗೆಗೆ ಮುಗಿಯುತ್ತೆ. ಇಂಗ್ಲೆಂಡಿನ ಫುಟ್‌ಬಾಲೂ ಹಾಗೇ. ಅಲ್ಲಿ ಮಳೆ ಚಳಿಯ ಕಾಲದಲ್ಲಿ ಆಟ ನಡೆದು ಮೇ ತಿಂಗಳ ಹೊತ್ತಿಗೆ ಮುಗಿಯುತ್ತೆ. ಇದಕ್ಕೆ ಸೀಸನ್ ಅಂತಾರೆ.

ಇಂಗ್ಲೆಂಡಿನಲ್ಲಿ ಈ ಆಟ ನಡೆಸಲು ಒಂದು ದೊಡ್ಡ ಸಂಘ ಇದೆ. ಅದರ ಹೆಸರು ಫುಟ್‌ಬಾಲ್ ಅಸೋಸಿಯೇಷನ್. 1863ರಲ್ಲಿ ಶುರುವಾಯಿತು. 1871ರಲ್ಲಿ ಅದು ಗಂಡಸರಿಗೆ ಒಂದು ಕಪ್ ಪಂದ್ಯ ಆರಂಭಿಸಿತು. ಹೆಂಗಸರ ಕಪ್ ಬಂದದ್ದು 1970-71ರಲ್ಲಿ. ಲೆಕ್ಕ ಹಾಕಿ. ನಡುವೆ ಸುಮಾರು 100 ವರ್ಷ.

ಕಾರ್ಖಾನೆಯ ಹೆಂಗಸರು

ಆ 100 ವರ್ಷ ಹೆಂಗಸರು ಸುಮ್ಮನೆ ಕೂತಿರಲಿಲ್ಲ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಇಂಗ್ಲೆಂಡಿನ ಗಂಡಸರು ಲಕ್ಷಗಟ್ಟಲೆ ಯುದ್ಧಕ್ಕೆ ಹೋದರು. ಕಾರ್ಖಾನೆಗಳಲ್ಲಿ ಕೆಲಸ ಮಾಡೋರು ಯಾರು? ಹೆಂಗಸರು ಬಂದರು. ಬಂದೂಕಿನ ಗುಂಡು, ಫಿರಂಗಿಯ ಗುಂಡು ತಯಾರು ಮಾಡಿದರು. ಅದು ಭಾರದ ಕೆಲಸ. ಅಪಾಯದ ಕೆಲಸ.

ಪ್ರೆಸ್ಟನ್ ಎಂಬ ಊರಲ್ಲಿ ಡಿಕ್ ಕೆರ್ ಅಂತ ಒಂದು ಕಾರ್ಖಾನೆ ಇತ್ತು. ಅಲ್ಲಿಯ ಹೆಂಗಸರು ಊಟದ ಬಿಡುವಿನಲ್ಲಿ ಅಂಗಳದಲ್ಲಿ ಚೆಂಡು ಒದೆಯುತ್ತಿದ್ದರು. ಹಾಗೇ ಒಂದು ತಂಡವಾಯಿತು. ಹೆಸರು ಡಿಕ್ ಕೆರ್ ಲೇಡೀಸ್. 1917ರ ಡಿಸೆಂಬರ್ 25, ಕ್ರಿಸ್‌ಮಸ್ ಹಬ್ಬದ ದಿನ, ಪ್ರೆಸ್ಟನ್ನಿನ ದೊಡ್ಡ ಮೈದಾನದಲ್ಲಿ ಆಡಿದರು. 10 ಸಾವಿರ ಜನ ನೋಡಲು ಬಂದರು. ಟಿಕೇಟಿನ ಹಣ ಗಾಯಗೊಂಡ ಸೈನಿಕರ ಆರೈಕೆಗೆ ಹೋಯಿತು.

ಯುದ್ಧ 1918ರಲ್ಲಿ ಮುಗಿಯಿತು. ಹೆಂಗಸರ ಆಟ ಮುಗಿಯಲಿಲ್ಲ. ಇನ್ನೂ ಬೆಳೆಯಿತು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕ್ ಮೈದಾನದಲ್ಲಿ ಡಿಕ್ ಕೆರ್ ತಂಡಕ್ಕೂ ಸೇಂಟ್ ಹೆಲೆನ್ಸ್ ತಂಡಕ್ಕೂ ಪಂದ್ಯ. ನೋಡಲು ಎಷ್ಟು ಜನ ಬಂದರು ಗೊತ್ತಾ? 53 ಸಾವಿರ! ಸಾವಿರಾರು ಜನ ಒಳಗೆ ಜಾಗ ಸಿಗದೆ ಹಿಂದಕ್ಕೆ ಹೋದರು. 3 ಸಾವಿರ ಪೌಂಡಿಗೂ ಹೆಚ್ಚು ಹಣ ಸೇರಿತು. ನಮಗೆ ರೂಪಾಯಿ ಹೇಗೋ ಇಂಗ್ಲೆಂಡಿಗೆ ಪೌಂಡು ಹಾಗೆ. ಆ ಕಾಲಕ್ಕೆ ಅದು ಬಹಳ ದೊಡ್ಡ ಹಣ. ಯುದ್ಧದಿಂದ ಬಂದು ಕಷ್ಟದಲ್ಲಿದ್ದ ಸೈನಿಕರಿಗಾಗಿ ಅದನ್ನು ಕೊಟ್ಟರು.

ಡಿಕ್ ಕೆರ್ ತಂಡದಲ್ಲಿ ಲಿಲಿ ಪಾರ್ ಎಂಬ ಹುಡುಗಿ ಇದ್ದಳು. 1905ರಲ್ಲಿ ಹುಟ್ಟಿದವಳು. ತಂಡಕ್ಕೆ ಸೇರಿದಾಗ ಇನ್ನೂ ಹದಿಹರೆಯ. ಎಡಗಾಲಿನಲ್ಲಿ ಒದ್ದರೆ ಚೆಂಡು ಗುಂಡಿನ ಹಾಗೆ ಹೋಗ್ತಿತ್ತು. ನೂರಾರು ಗೋಲು ಹೊಡೆದಳು.

ಬಾಗಿಲು ಮುಚ್ಚಿತು

ಇಷ್ಟು ಚೆನ್ನಾಗಿ ನಡೆಯುತ್ತಿದ್ದ ಆಟಕ್ಕೆ ಏನಾಯಿತು?

1921ರ ಡಿಸೆಂಬರ್ 5ರಂದು ದೊಡ್ಡ ಸಂಘದ ಯಜಮಾನರು ಸಭೆ ಸೇರಿದರು. ಫುಟ್‌ಬಾಲ್ ಹೆಂಗಸರಿಗೆ ತಕ್ಕ ಆಟವಲ್ಲ, ಅದಕ್ಕೆ ಪ್ರೋತ್ಸಾಹ ಕೊಡಬಾರದು ಅಂತ ತೀರ್ಮಾನ ಮಾಡಿದರು. ಸಂಘಕ್ಕೆ ಸೇರಿದ ಯಾವ ಕ್ಲಬ್ಬೂ ಹೆಂಗಸರ ಪಂದ್ಯಕ್ಕೆ ತನ್ನ ಮೈದಾನ ಕೊಡಬಾರದು ಅಂತ ಹೇಳಿದರು. ಸೇರಿದ ಹಣದಲ್ಲಿ ಖರ್ಚಿಗೆ ಹೆಚ್ಚು ಹೋಗ್ತಿದೆ, ಧರ್ಮಕಾರ್ಯಕ್ಕೆ ಸಾಕಷ್ಟು ಹೋಗ್ತಿಲ್ಲ ಅಂತಲೂ ದೂರಿದರು. ಈ ಆಟ ಹೆಂಗಸರ ಮೈಗೆ ಕೆಡುಕು ಅಂತ ಕೆಲವು ವೈದ್ಯರೂ ಮಾತಾಡಿದರು.

ನಾವೇ ಯೋಚನೆ ಮಾಡೋಣ. ಈ ಹೆಂಗಸರು ಯುದ್ಧದ ಕಾಲದಲ್ಲಿ ಫಿರಂಗಿ ಗುಂಡು ಮಾಡಿದವರು. ಆ ಕೈಕಾಲಿಗೆ ಚೆಂಡು ಭಾರವಾಯಿತೇ? ನಾವು ಕಟ್ಟಿಗೆ ಹೊರುತ್ತೇವೆ. ಕೊಡ ಹೊರುತ್ತೇವೆ. ದಿನವೆಲ್ಲ ಬಗ್ಗಿ ನಾಟಿ ಮಾಡ್ತೇವೆ. ಆಗ ಮೈಗೆ ಕೆಡುಕು ಅಂತ ಬಂದು ಹೇಳುವವರು ಎಷ್ಟು ಜನ?

ಇಲ್ಲಿ ಒಂದು ವಿಷಯ ಗಮನಿಸಬೇಕು. ಹೆಂಗಸರು ಆಟ ಆಡಿದರೆ ಶಿಕ್ಷೆ ಅಂತ ಕಾನೂನು ಬರಲಿಲ್ಲ. ಮೈದಾನ ಮಾತ್ರ ತಪ್ಪಿಸಿದರು. ಅಷ್ಟೇ ಸಾಕಾಯಿತು. ಜನ ಕೂರುವ ಜಾಗ, ಸುತ್ತ ಗೋಡೆ, ಟಿಕೇಟು ಕೊಡುವ ಬಾಗಿಲು ಇದ್ದದ್ದು ಕ್ಲಬ್ಬಿನ ಮೈದಾನಗಳಲ್ಲಿ. ಅದು ತಪ್ಪಿದರೆ ಜನ ಎಲ್ಲಿ ಕೂರಬೇಕು? ಹಣ ಹೇಗೆ ಸೇರಬೇಕು? ಪತ್ರಿಕೆಯಲ್ಲಿ ಸುದ್ದಿ ಯಾಕೆ ಬರಬೇಕು? ನಿಧಾನವಾಗಿ ಜನ ಮರೆತರು.

ಹೆಂಗಸರು ಬಿಟ್ಟುಕೊಡಲಿಲ್ಲ. 1922ರಲ್ಲಿ ತಮ್ಮದೇ ಸಂಘ ಕಟ್ಟಿ ಒಂದು ಕಪ್ ಪಂದ್ಯ ನಡೆಸಿದರು. ಸ್ಟೋಕ್ ಊರಿನ ತಂಡ ಗೆದ್ದಿತು. ಆದರೆ ಆ ಸಂಘ ಹೆಚ್ಚು ಕಾಲ ಬಾಳಲಿಲ್ಲ. ಅದೇ ವರ್ಷ ಡಿಕ್ ಕೆರ್ ತಂಡದವರು ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಅಲ್ಲಿ ಗಂಡಸರ ತಂಡಗಳ ಜೊತೆಗೇ ಆಡಿದರು. ಊರಿಗೆ ಬಂದು ಸಿಕ್ಕ ಸಿಕ್ಕ ಬಯಲುಗಳಲ್ಲಿ ಆಡಿದರು. 1965ರ ತನಕ ಆ ತಂಡ ಇತ್ತು. 800ಕ್ಕೂ ಹೆಚ್ಚು ಪಂದ್ಯ ಆಡಿತು. ಲಿಲಿ ಪಾರ್ ದಾದಿಯಾಗಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾ ಬಹಳ ವರ್ಷ ಆಡಿದಳು.

ಒಂದು ಕಾಗದ

ಈಗ 1967ಕ್ಕೆ ಬರೋಣ. ಅದಕ್ಕೆ ಹಿಂದಿನ ವರ್ಷ, 1966ರಲ್ಲಿ, ಇಂಗ್ಲೆಂಡಿನ ಗಂಡಸರು ತಮ್ಮ ನೆಲದಲ್ಲೇ ವಿಶ್ವಕಪ್ ಗೆದ್ದಿದ್ದರು. ದೇಶಕ್ಕೆಲ್ಲ ಫುಟ್‌ಬಾಲ್ ಹುಚ್ಚು. ಹುಡುಗಿಯರಿಗೂ ಆಡುವ ಆಸೆ.

ಲಂಡನ್ ನಗರದಲ್ಲಿ ಪ್ಯಾಟ್ರಿಷಿಯಾ ಗ್ರೆಗರಿ ಎಂಬ ಯುವತಿ ಇದ್ದರು. 1967ರಲ್ಲಿ ಅವರ ಕಡೆಯ ಟಾಟನ್‌ಹ್ಯಾಮ್ ತಂಡ ಗಂಡಸರ ಕಪ್ ಗೆದ್ದಿತು. ಗೆದ್ದವರ ಮೆರವಣಿಗೆ ಬಂತು. ಪ್ಯಾಟ್ರಿಷಿಯಾ ನೋಡಲು ಹೋದರು. ಹುಡುಗಿಯರು ಯಾಕೆ ಈ ಆಟ ಆಡೋದಿಲ್ಲ ಅಂತ ಅವರ ಮನಸ್ಸಿಗೆ ಬಂತು.

ಇಂಥ ಪ್ರಶ್ನೆ ಬಹಳ ಜನರ ಮನಸ್ಸಿಗೆ ಬರುತ್ತೆ. ಬಂದು ಹಾಗೇ ಹೋಗುತ್ತೆ. ಪ್ಯಾಟ್ರಿಷಿಯಾ ಅದನ್ನು ಹೋಗಲು ಬಿಡಲಿಲ್ಲ. ಒಂದು ಕಾಗದ ಬರೆದರು. ತಮ್ಮ ಬಡಾವಣೆಯ ಪತ್ರಿಕೆಗೆ ಕಳಿಸಿದರು. ಪತ್ರಿಕೆ ಅದನ್ನು ಅಚ್ಚು ಹಾಕಿತು.

ಆಮೇಲೆ ಏನಾಯಿತು? ಹುಡುಗಿಯರಿಂದ ಅವರಿಗೆ ಕಾಗದ ಬಂತು. ನಿಮ್ಮ ತಂಡಕ್ಕೆ ನಾವೂ ಸೇರ್ತೇವೆ ಅಂತ ಕೇಳಿದರು. ಪ್ಯಾಟ್ರಿಷಿಯಾ ಬಳಿ ತಂಡವೇ ಇರಲಿಲ್ಲ! ಇಷ್ಟು ಜನ ಕೇಳ್ತಾರಲ್ಲ ಅಂತ ತಂಡ ಕಟ್ಟಿದರು. ಆಡಲು ಮೈದಾನ ಕೊಡಿ ಅಂತ ನಗರಸಭೆಯನ್ನು ಕೇಳಿದರು. ಕೊಡಲು ಆಗೋದಿಲ್ಲ ಅಂತ ಉತ್ತರ ಬಂತು. ಕಾರಣ, 1921ರ ಆ ಹಳೆಯ ತೀರ್ಮಾನ. ಮಾಡಿದವರು ಸತ್ತು ಎಷ್ಟೋ ವರ್ಷವಾಗಿತ್ತು. ತೀರ್ಮಾನ ಮಾತ್ರ ಬದುಕಿತ್ತು.

ಅದೇ ಹೊತ್ತಿಗೆ ಸಮುದ್ರದ ದಡದ ಡೀಲ್ ಎಂಬ ಊರಲ್ಲಿ ಆರ್ಥರ್ ಹಾಬ್ಸ್ ಎಂಬುವರಿದ್ದರು. ಬಡಗಿ ಕೆಲಸ ಮಾಡುವವರು. ಹೆಂಗಸರಿಗೂ ಆಡಲು ಅವಕಾಶ ಬೇಕು ಅಂತ ಅವರ ಆಸೆ. 1967ರಲ್ಲಿ ಅವರು ಡೀಲ್‌ನಲ್ಲಿ ಹೆಂಗಸರ ತಂಡಗಳನ್ನು ಕರೆದು ಪಂದ್ಯ ನಡೆಸಿದರು. ಅವರಿಗೂ ಪ್ಯಾಟ್ರಿಷಿಯಾ ಅವರಿಗೂ ಪರಿಚಯವಾಯಿತು. ಬೇರೆ ಬೇರೆ ಊರಿನ ತಂಡಗಳು ಒಂದನ್ನೊಂದು ಗುರುತು ಹಿಡಿದವು. ನಾವು ಒಬ್ಬರೇ ಅಲ್ಲ, ನಮ್ಮಂಥವರು ಎಲ್ಲ ಕಡೆ ಇದ್ದಾರೆ ಅಂತ ಗೊತ್ತಾಯಿತು.

1969ರ ನವೆಂಬರ್ 1ರಂದು ಲಂಡನ್ನಿನಲ್ಲಿ ಸಭೆ ಸೇರಿ ಹೆಂಗಸರ ಫುಟ್‌ಬಾಲ್ ಸಂಘ ಕಟ್ಟಿದರು. 44 ಕ್ಲಬ್ಬುಗಳು ಸದಸ್ಯರಾದವು. ಆರ್ಥರ್ ಹಾಬ್ಸ್ ಮೊದಲ ಕಾರ್ಯದರ್ಶಿಯಾದರು. ಪ್ಯಾಟ್ರಿಷಿಯಾ ಸಹಾಯಕ ಕಾರ್ಯದರ್ಶಿ. ಮುಂದೆ ಅವರೇ ಕಾರ್ಯದರ್ಶಿ ಆದರು. ಸಂಬಳ ಇಲ್ಲ. ತಮ್ಮ ಕೆಲಸ ಮುಗಿಸಿ ಬಂದು ಸಂಘದ ಕೆಲಸ ಮಾಡ್ತಿದ್ದರು. ಯಾವ ತಂಡ ಎಲ್ಲಿ ಆಡಬೇಕು, ಯಾವ ದಿನ ಆಡಬೇಕು, ಎಲ್ಲ ಕಾಗದದಲ್ಲೇ ನಡೆಯಬೇಕು.

ದೊಡ್ಡ ಸಂಘಕ್ಕೂ ಈಗ ಬೇರೆ ದಾರಿ ಇರಲಿಲ್ಲ. ಒಬ್ಬಿಬ್ಬರು ಕೇಳಿದರೆ ಇಲ್ಲ ಅನ್ನಬಹುದು. 44 ಕ್ಲಬ್ಬು ಸೇರಿ ಕೇಳಿದರೆ ಹೇಗೆ ಅನ್ನೋದು? 1970ರ ಸುಮಾರಿಗೆ 1921ರ ತೀರ್ಮಾನ ಹೋಯಿತು. ಮೈದಾನದ ಬಾಗಿಲು ತೆರೆಯಿತು.

71 ತಂಡಗಳು

ಸಂಘ ಆಯಿತು. ಮೈದಾನ ಸಿಕ್ಕಿತು. ಇನ್ನು ಪಂದ್ಯ ಬೇಕು. 1970-71ರ ಸೀಸನ್ನಿನಲ್ಲಿ ಹೆಂಗಸರ ಸಂಘ ತನ್ನ ಮೊದಲ ಕಪ್ ಪಂದ್ಯ ನಡೆಸಿತು. ಮೈಟರ್ ಎಂಬ ಚೆಂಡು ಮಾಡುವ ಕಂಪನಿಯ ಹೆಸರಿನಲ್ಲಿ ಅದನ್ನು ಮೈಟರ್ ಟ್ರೋಫಿ ಅಂತ ಕರೆದರು. ಟ್ರೋಫಿ ಅಂದರೂ ಕಪ್ ಅಂತಲೇ ಅರ್ಥ.

ಎಷ್ಟು ತಂಡ ಹೆಸರು ಕೊಟ್ಟವು? 71! ಗಂಡಸರ ಮೊದಲ ಕಪ್ಪಿಗೆ 1871ರಲ್ಲಿ ಹೆಸರು ಕೊಟ್ಟದ್ದು 15 ತಂಡ ಮಾತ್ರ. 50 ವರ್ಷ ಬಾಗಿಲು ಮುಚ್ಚಿದ್ದರೂ 71 ತಂಡ ಎದ್ದು ಬಂದವು. ಇಂಗ್ಲೆಂಡಿನಿಂದ ಮಾತ್ರವಲ್ಲ. ಪಕ್ಕದ ಸ್ಕಾಟ್‌ಲ್ಯಾಂಡಿನಿಂದಲೂ ಬಂದವು.

ನಾವು ಮೇಲೆ ಮಾಡಿದ ಲೆಕ್ಕ ನೆನಪು ಮಾಡಿಕೊಳ್ಳಿ. 71ರಲ್ಲಿ ಒಂದು ಕಳೆದರೆ 70. ಆ ಸೀಸನ್ ಮುಗಿಯುವ ಹೊತ್ತಿಗೆ 70 ತಂಡ ಹೊರಗೆ ಹೋಗಲೇಬೇಕು. ಆಡಿದವರು ಹೆಚ್ಚಿನವರು ಕಚೇರಿ, ಕಾರ್ಖಾನೆ, ಅಂಗಡಿಗಳಲ್ಲಿ ಕೆಲಸ ಮಾಡುವ ಹೆಂಗಸರು, ಓದುವ ಹುಡುಗಿಯರು. ಆಟಕ್ಕೆ ಸಂಬಳ ಇರಲಿಲ್ಲ. ರಜೆಯ ದಿನ ಆಡಬೇಕು. ಸೋಮವಾರ ಕೆಲಸಕ್ಕೆ ಹೋಗಬೇಕು.

ಒಂದೊಂದಾಗಿ ತಂಡಗಳು ಸೋತು ಹೊರಗೆ ಹೋದವು. ಕೊನೆಗೆ ಎರಡು ಉಳಿದವು.

ಒಂದು, ಸೌತಾಂಪ್ಟನ್. ಇದು ಇಂಗ್ಲೆಂಡಿನ ದಕ್ಷಿಣದ ಬಂದರು ನಗರ. ದೊಡ್ಡ ದೊಡ್ಡ ಹಡಗು ಹೊರಡುವ ಊರು. ಮುಳುಗಿ ಹೋದ ಟೈಟಾನಿಕ್ ಹಡಗು 1912ರಲ್ಲಿ ಹೊರಟದ್ದು ಇಲ್ಲಿಂದಲೇ. 1966ರ ವಿಶ್ವಕಪ್ಪಿನ ನಂತರ ಇಲ್ಲಿ ಹೆಂಗಸರ ತಂಡಗಳು ಹುಟ್ಟಿಕೊಂಡಿದ್ದವು. ಅದರಲ್ಲಿ ಚೆನ್ನಾಗಿ ಆಡುವವರನ್ನು ಆರಿಸಿ ಒಂದು ಗಟ್ಟಿ ತಂಡ ಮಾಡಿದ್ದರು.

ಇನ್ನೊಂದು, ಸ್ಟೂವರ್ಟನ್ ಥಿಸಲ್. ಸ್ಟೂವರ್ಟನ್ ಸ್ಕಾಟ್‌ಲ್ಯಾಂಡಿನ ಒಂದು ಸಣ್ಣ ಪಟ್ಟಣ. ಉಣ್ಣೆಯ ಟೋಪಿ ಮಾಡುವುದರಲ್ಲಿ ಹೆಸರು ಪಡೆದ ಊರು. ಟೋಪಿ ಊರು ಅಂತಲೇ ಜನ ಕರೀತಾರೆ. ಅಲ್ಲಿಂದ ಲಂಡನ್ನಿಗೆ ರಸ್ತೆಯಲ್ಲಿ 600 ಕಿಲೋಮೀಟರಿಗೂ ಹೆಚ್ಚು. ನಮ್ಮ ಬೀದರಿನಿಂದ ಬೆಂಗಳೂರಿಗೆ ಬಂದಷ್ಟು ದೂರ.

ಈ ಟೋಪಿ ಊರಿನ ತಂಡದಲ್ಲಿ ಬೆಳೆದವರು ರೋಸ್ ರೈಲಿ. ಅವರ ಕಥೆ ಕೇಳಿ. ಚಿಕ್ಕವಳಿದ್ದಾಗ ಹುಡುಗರ ತಂಡದಲ್ಲಿ ಆಡಬೇಕು ಅಂತ ಆಸೆ. ಹುಡುಗಿಯನ್ನು ಸೇರಿಸೋದಿಲ್ಲ ಅಂದರು. ಆಗ ಕೂದಲು ಕತ್ತರಿಸಿಕೊಂಡು ರಾಸ್ ಅಂತ ಹುಡುಗನ ಹೆಸರಿಟ್ಟುಕೊಂಡು ಆಡಿದಳು! ಹೆಂಗಸರ ತಂಡ ಸಿಕ್ಕ ಮೇಲೆ ತನ್ನ ಹೆಸರಿನಲ್ಲೇ ಆಡಿದಳು. ಮುಂದೆ ಇಟಲಿ ದೇಶಕ್ಕೆ ಹೋಗಿ ಹೆಸರು ಮಾಡಿದರು. ಕೊನೆಗೆ ಇಟಲಿಯ ದೇಶದ ತಂಡಕ್ಕೇ ಆಡಿದರು.

ಫೈನಲ್ ದಿನ

1971ರ ಮೇ 8, ಶನಿವಾರ. ಲಂಡನ್ನಿನ ವೆಂಬ್ಲಿ ಎಂಬ ಭಾರೀ ಮೈದಾನದಲ್ಲಿ ಗಂಡಸರ ಕಪ್ಪಿನ ಫೈನಲ್ ನಡೆಯಿತು. ಆರ್ಸೆನಲ್ ತಂಡ ಲಿವರ್‌ಪೂಲ್ ತಂಡವನ್ನು 2-1 ಗೋಲಿನಿಂದ ಸೋಲಿಸಿತು. 1 ಲಕ್ಷ ಜನ ನೋಡಿದರು.

ಮರುದಿನ, ಮೇ 9, ಭಾನುವಾರ. ಅದೇ ಲಂಡನ್ನಿನ ಇನ್ನೊಂದು ಕಡೆ, ಕ್ರಿಸ್ಟಲ್ ಪ್ಯಾಲೇಸ್ ಕ್ರೀಡಾಂಗಣ. ಓಟದ ಸ್ಪರ್ಧೆಗೆ ಹೆಸರಾದ ಜಾಗ. ಅಲ್ಲಿ ಹೆಂಗಸರ ಫೈನಲ್. ಸೌತಾಂಪ್ಟನ್ ಒಂದು ಕಡೆ. ಸ್ಟೂವರ್ಟನ್ ಥಿಸಲ್ ಇನ್ನೊಂದು ಕಡೆ.

ಸೌತಾಂಪ್ಟನ್ ತಂಡ 4 ಗೋಲು ಹೊಡೆಯಿತು. ಅದರಲ್ಲಿ 3 ಗೋಲು ಪ್ಯಾಟ್ ಡೇವಿಸ್ ಒಬ್ಬರದೇ. ಒಬ್ಬರೇ ಒಂದು ಪಂದ್ಯದಲ್ಲಿ 3 ಗೋಲು ಹೊಡೆದರೆ ಅದಕ್ಕೆ ಹ್ಯಾಟ್ರಿಕ್ ಅಂತಾರೆ. ಸ್ಟೂವರ್ಟನ್ 1 ಗೋಲು ಹೊಡೆಯಿತು. 4-1ರಿಂದ ಸೌತಾಂಪ್ಟನ್ ಗೆದ್ದಿತು. ಹೊಸ ಸಂಘದ ಮೊದಲ ಕಪ್ ಬಂದರು ನಗರದ ಹೆಂಗಸರ ಕೈಗೆ ಬಂತು.

ಸೋತವರ ಬಗ್ಗೆಯೂ ಒಂದು ಮಾತು ಹೇಳಬೇಕು. ಇಂಗ್ಲೆಂಡಿನ ದೊಡ್ಡ ಸಂಘ ಬಾಗಿಲು ತೆರೆದಿತ್ತು. ಸ್ಕಾಟ್‌ಲ್ಯಾಂಡಿನ ದೊಡ್ಡ ಸಂಘ ಇನ್ನೂ ತೆರೆದಿರಲಿಲ್ಲ. ಅಲ್ಲಿ ತೆರೆಯಲು 1974 ಬರಬೇಕಾಯಿತು. ತಮ್ಮ ನಾಡಿನ ಸಂಘವೇ ಒಪ್ಪದ ಆಟವನ್ನು ಆಡಿ, ಈ ಹೆಂಗಸರು 71 ತಂಡಗಳ ಪಂದ್ಯದಲ್ಲಿ ಕೊನೆಯ ತನಕ ಬಂದಿದ್ದರು. ಅದೇನು ಸಣ್ಣ ಮಾತೇ?

ಆಮೇಲೆ ಏನಾಯಿತು?

ಕಪ್ ಪ್ರತಿ ವರ್ಷ ನಡೆಯಿತು. ಮೊದಲ 11 ವರ್ಷದಲ್ಲಿ 8 ಸಲ ಸೌತಾಂಪ್ಟನ್ ಗೆದ್ದಿತು. 1974ರಲ್ಲಿ ಅವರನ್ನು ಸೋಲಿಸಿದ್ದು ಫೋಡೆನ್ಸ್ ತಂಡ. ಅದು ಲಾರಿ ಮಾಡುವ ಕಾರ್ಖಾನೆಯ ಹೆಸರಿನ ತಂಡ. ಹೆಂಗಸರ ಫುಟ್‌ಬಾಲಿಗೂ ಕಾರ್ಖಾನೆಗೂ ಮೊದಲಿಂದ ನಂಟು ನೋಡಿ!

1972ರ ನವೆಂಬರ್‌ನಲ್ಲಿ ಇಂಗ್ಲೆಂಡ್ ದೇಶದ ಹೆಂಗಸರ ತಂಡ ತನ್ನ ಮೊದಲ ಪಂದ್ಯ ಆಡಿತು. ಸ್ಕಾಟ್‌ಲ್ಯಾಂಡ್ ವಿರುದ್ಧ 3-2ರಿಂದ ಗೆದ್ದಿತು. ಕಪ್ ಪಂದ್ಯ ನಡೆದದ್ದರಿಂದ ಒಂದು ಅನುಕೂಲ ಆಯಿತು. ಯಾವ ಊರಲ್ಲಿ ಯಾರು ಚೆನ್ನಾಗಿ ಆಡ್ತಾರೆ ಅಂತ ಎಲ್ಲರಿಗೂ ಕಾಣುವಂತಾಯಿತು.

1993ರಲ್ಲಿ ದೊಡ್ಡ ಸಂಘವೇ ಹೆಂಗಸರ ಆಟದ ಹೊಣೆ ತೆಗೆದುಕೊಂಡಿತು. 2008ರಲ್ಲಿ ಅದು 1921ರ ತೀರ್ಮಾನಕ್ಕಾಗಿ ಕ್ಷಮೆ ಕೇಳಿತು. ಲಿಲಿ ಪಾರ್ ಆ ಕ್ಷಮೆ ಕೇಳಿಸಿಕೊಳ್ಳಲಿಲ್ಲ. 1978ರಲ್ಲೇ ತೀರಿಕೊಂಡಿದ್ದರು. 2002ರಲ್ಲಿ ಅವರ ಹೆಸರನ್ನು ಇಂಗ್ಲೆಂಡಿನ ಹೆಸರಾಂತ ಆಟಗಾರರ ಪಟ್ಟಿಗೆ ಸೇರಿಸಿದರು. ಆ ಪಟ್ಟಿಗೆ ಸೇರಿದ ಮೊದಲ ಹೆಂಗಸು ಅವರೇ.

2015ರಲ್ಲಿ ಮೊದಲ ಸಲ ಹೆಂಗಸರ ಕಪ್ಪಿನ ಫೈನಲ್ ವೆಂಬ್ಲಿ ಮೈದಾನದಲ್ಲಿ ನಡೆಯಿತು. 2023ರ ಫೈನಲ್ ನೋಡಲು ಅಲ್ಲಿ 77,390 ಜನ ಸೇರಿದರು. 1920ರ 53 ಸಾವಿರವನ್ನು ಪಕ್ಕದಲ್ಲಿಟ್ಟು ನೋಡಿ. ಜನ ಹೆಂಗಸರ ಆಟ ನೋಡೋದಿಲ್ಲ ಅನ್ನೋದು ಸುಳ್ಳು. ನೋಡಲು ಬಿಡಲಿಲ್ಲ ಅನ್ನೋದು ನಿಜ.

ಹಾಗಂತ ಎಲ್ಲ ಸರಿಹೋಯಿತು ಅಂತ ತಿಳೀಬೇಡಿ. ಬಹುಮಾನದ ಹಣ ನೋಡಿ. 2022ರಲ್ಲಿ ಗಂಡಸರ ಕಪ್ ಗೆದ್ದ ತಂಡಕ್ಕೆ ಸಿಕ್ಕಿದ್ದು 18 ಲಕ್ಷ ಪೌಂಡು. ಹೆಂಗಸರ ಕಪ್ ಗೆದ್ದ ತಂಡಕ್ಕೆ ಸಿಕ್ಕಿದ್ದು 25 ಸಾವಿರ ಪೌಂಡು. 2023ರಲ್ಲಿ ಅದು 1 ಲಕ್ಷ ಪೌಂಡು ಆಯಿತು. ಗಂಡಸರದು 20 ಲಕ್ಷ ಆಗಿತ್ತು. ನಮ್ಮಲ್ಲೂ ಒಂದೇ ಹೊಲದಲ್ಲಿ ಒಂದೇ ಹೊತ್ತು ದುಡಿದರೂ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಒಂದು ಕೂಲಿ ಕೊಡುವುದುಂಟು. ಈ ಲೆಕ್ಕ ನಮಗೆ ಹೊಸದಲ್ಲ.

ನಾವು ಇದನ್ನು ಯಾಕೆ ಓದಿದೆವು?

ನಮ್ಮ ಊರಿಗೂ ಇಂಗ್ಲೆಂಡಿಗೂ ಬಹಳ ದೂರ. ಆ ಹೆಂಗಸರ ಬಟ್ಟೆ ಬೇರೆ, ಊಟ ಬೇರೆ, ಮಾತು ಬೇರೆ. ಆದರೂ ಅವರ ಕಥೆಯಲ್ಲಿ ನಮಗೆ ತಿಳಿಯುವ ಎರಡು ವಿಷಯ ಇವೆ.

ಒಂದು. 1921ರಿಂದ ಸುಮಾರು 1970ರ ತನಕವೂ ಹೆಂಗಸರು ಆಡಿದರು. ಸಾವಿರಾರು ಗೋಲು ಹೊಡೆದರು. ಆದರೆ ಅದರಲ್ಲಿ ಎಷ್ಟೋ ಪಂದ್ಯ ಎಲ್ಲೂ ಬರೆದಿಲ್ಲ. ಯಾರು ಗೆದ್ದರು, ಯಾರು ಗೋಲು ಹೊಡೆದರು ಅಂತ ಗೊತ್ತಾಗೋದಿಲ್ಲ. 1971ರಿಂದ ಈಚೆಗೆ ಹಾಗಲ್ಲ. ಪ್ರತಿ ವರ್ಷ ಗೆದ್ದವರ ಹೆಸರು ಪಟ್ಟಿಯಲ್ಲಿದೆ. ಆ ಪಟ್ಟಿಯ ಮೊದಲ ಸಾಲಿನಲ್ಲಿ ಸೌತಾಂಪ್ಟನ್ ಅಂತ ಬರೆದಿದೆ. ಅದನ್ನು ಇನ್ನು ಯಾರೂ ಅಳಿಸಲಾಗದು. ಮಾಡಿದ ಕೆಲಸ ಬರೆದಿಟ್ಟರೆ ಉಳಿಯುತ್ತೆ. ನಮ್ಮ ಸಂಘದ ಪುಸ್ತಕದಲ್ಲಿ ದಿನಾಂಕ ಹಾಕಿ, ಹೆಸರು ಬರೆದು, ಸಹಿ ಮಾಡುವುದು ಇದಕ್ಕೇ.

ಎರಡು. ಮುಚ್ಚಿದ ಬಾಗಿಲು ಒಂದೇ ದಿನಕ್ಕೆ ತೆರೆಯಲಿಲ್ಲ. ಒಬ್ಬ ಯುವತಿ ಒಂದು ಕಾಗದ ಬರೆದರು. ಅದನ್ನು ಓದಿ ಇನ್ನಷ್ಟು ಹುಡುಗಿಯರು ಬರೆದರು. ಇನ್ನೊಂದು ಊರಿನಲ್ಲಿ ಒಬ್ಬ ಬಡಗಿ ಪಂದ್ಯ ನಡೆಸಿದರು. ಎಲ್ಲರೂ ಸೇರಿ ಸಂಘ ಮಾಡಿದರು. ಕಾಗದ ಬರೆದದ್ದು 1967ರಲ್ಲಿ. ಕಪ್ ಕೈಗೆ ಬಂದದ್ದು 1971ರಲ್ಲಿ. ನಾಲ್ಕು ವರ್ಷ.

ಕಾಗದ ಬರೆಯಲು ಈಗ ನಮಗೂ ಬರುತ್ತೆ.

ಮಾತಾಡೋಣ, ಬರೆಯೋಣ

1. ಕಪ್ ಪಂದ್ಯಕ್ಕೆ 16 ತಂಡ ಬಂದರೆ ಒಟ್ಟು ಎಷ್ಟು ಪಂದ್ಯ ಆಗುತ್ತೆ? 32 ತಂಡ ಬಂದರೆ?

2. ನೀವು ಚಿಕ್ಕವರಿದ್ದಾಗ ಯಾವ ಆಟ ಆಡ್ತಿದ್ದಿರಿ? ಅದನ್ನು ಯಾವಾಗ ಬಿಟ್ಟಿರಿ? ಯಾಕೆ ಬಿಟ್ಟಿರಿ? ಪಕ್ಕದವರಿಗೆ ಹೇಳಿ.

3. ನಿಮ್ಮ ಊರಲ್ಲಿ ಹೆಂಗಸರು ಹೋಗದ ಜಾಗ ಯಾವುದಾದರೂ ಇದೆಯೇ? ಹೋಗಬಾರದು ಅಂತ ಹೇಳಿದವರು ಯಾರು? ಅದಕ್ಕೆ ಏನು ಕಾರಣ ಹೇಳ್ತಾರೆ?

4. ನಿಮ್ಮ ಮನಸ್ಸಿನಲ್ಲಿ ಇಂಥ ಒಂದು ಪ್ರಶ್ನೆ ಇರಬಹುದು. ನಾಲ್ಕು ಸಾಲಿನಲ್ಲಿ ಬರೆಯಿರಿ. ಪಂಚಾಯಿತಿಗೆ ಬರೆಯಬಹುದು. ಶಾಲೆಗೆ ಬರೆಯಬಹುದು. ಪತ್ರಿಕೆಗೆ ಬರೆಯಬಹುದು. ಕೆಳಗೆ ನಿಮ್ಮ ಹೆಸರು ಬರೆದು ಸಹಿ ಹಾಕಿ. ದಿನಾಂಕ ಮರೀಬೇಡಿ.